ಅಂಗಿಯೊಳಗಿನ ಅರ್ಧ ಹಾಳೆ

ನಮ್ಮ ಮಾವ ಹೆದರಿದ್ದನ್ನು ನಾನು ಮೊದಲ ಸಲ ನೋಡಿದ್ದು ಕಳೆದ ಚುನಾವಣೆಯಲ್ಲಿ. ಅವನೇನು ಅಭ್ಯರ್ಥಿಯಲ್ಲ. ಇಸ್ತ್ರಿ ಅಂಗಡಿಯವನು, ನನ್ನ ತಾಯಿಯ ತಮ್ಮ. ಅಂಗಡಿಯ ಮುಂಭಾಗದಲ್ಲಿ ಅವನ ಉದ್ದನೆಯ ಮೇಜು, ಮೂಲೆಯಲ್ಲಿ ನನ್ನ ಹೊಲಿಗೆ ಮೆಷಿನ್ನು. ಕಿತ್ತುಹೋದ ಗುಂಡಿ, ಬಿಚ್ಚಿಕೊಂಡ ಹೊಲಿಗೆ ನನ್ನ ಪಾಲು. ಮಡಿಕೆ ಮತ್ತು ರಾಜಕೀಯ ಅವನ ಪಾಲು.

ಬಟ್ಟೆ ಕೊಡಲು ಬಂದವರು ಸುಮ್ಮನೆ ಕೊಟ್ಟು ಹೋಗುತ್ತಿರಲಿಲ್ಲ. ಈ ಸಲ ಯಾರಿಗೆ ಹಾಕೋಣ ಎಂದು ಕೇಳಿಕೊಂಡೇ ಹೋಗುತ್ತಿದ್ದರು. ಮಾವ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ನ್ಯಾಯಾಧೀಶನ ಗತ್ತಿನಲ್ಲಿ ತೀರ್ಪು ಕೊಡುತ್ತಿದ್ದ. ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು ಕೂಡ ಅವನ ಮಾತಿಗೆ ತಲೆದೂಗುತ್ತಿದ್ದರು.

ಆ ಮಾತೆಲ್ಲ ಅತ್ತೆಯದು ಎನ್ನುವುದು ಮನೆಯವರಿಗಷ್ಟೇ ಗೊತ್ತಿತ್ತು. ಇಸ್ತ್ರಿಯಾದ ಅಂಗಿ ಮುದುಡದಿರಲಿ ಎಂದು ಮಡಿಕೆಯೊಳಗೆ ಹಳೇ ಪೇಪರಿನ ಅರ್ಧ ಹಾಳೆ ಇಡುವುದು ನಮ್ಮ ಅಂಗಡಿಯ ಪದ್ಧತಿ. ಹಾಳೆ ಕತ್ತರಿಸುವುದು ಅತ್ತೆಯ ಕೆಲಸ. ಈ ತುದಿಯಿಂದ ಆ ತುದಿಯವರೆಗೆ ಓದದೆ ಅವಳು ಒಂದು ಹಾಳೆಗೂ ಕತ್ತರಿ ಹಾಕಿದವಳಲ್ಲ. ಊಟಕ್ಕೆ ಕೂತಾಗ, "ಅದು ಹಂಗಲ್ಲರೀ, ಪೂರ್ತಿ ಕೇಳಿ ಇಲ್ಲಿ" ಎಂದು ಗಂಡನಿಗೆ ಬಿಡಿಸಿ ಹೇಳುತ್ತಿದ್ದಳು. ಊಟ ಮುಗಿಯುವಷ್ಟರಲ್ಲಿ ಆ ಮಾತು ಮಾವನದ್ದಾಗಿ, ಮೀಸೆಯನ್ನೂ ಬೆಳೆಸಿಕೊಂಡು ಅಂಗಡಿಗೆ ಬರುತ್ತಿತ್ತು. ಅತ್ತೆ ಮುಸಿಮುಸಿ ನಗುತ್ತಿದ್ದಳೇ ಹೊರತು ಒಂದು ದಿನವೂ ಅವನ ಮಾನ ಕಳೆಯಲಿಲ್ಲ.

ಚುನಾವಣೆಗೆ ಮುಂಚಿನ ಚಳಿಗಾಲದಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲಿನ ಜೊತೆಗೆ ಮಾತೂ ಹೋಯಿತು. ಅಕ್ಷರ ಕಣ್ಣಿಗೆ ಕಾಣುತ್ತಿತ್ತು, ಕೂಡಿ ಬರುತ್ತಿರಲಿಲ್ಲ. ನಾವು ಆಡಿದ್ದು ಮಾತ್ರ ಅವಳಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ನಮ್ಮ ರಸ್ತೆಯ ಕೊನೆಗಿರುವ ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಇಂಥವರಿಗೆಂದೇ ಒಂದು ಕೋಣೆ. ಅಲ್ಲೊಂದು ಗೋಡೆಗನ್ನಡಿ. ಮಾತು ಕಲಿಸುವ ಮೇಡಂ ಅತ್ತೆಯನ್ನು ಅದರ ಮುಂದೆ ಕೂರಿಸಿ, ತುಟಿ ಹೇಗೆ ಸೇರಬೇಕು, ನಾಲಗೆ ಎಲ್ಲಿ ತಾಗಬೇಕು ಎಂದು ಮಗುವಿಗೆ ತೋರಿಸುವಂತೆ ತೋರಿಸುತ್ತಿದ್ದರು. ಮಾವ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ಬಾಗಿಲಲ್ಲಿ ಬಿಟ್ಟು ಅಂಗಡಿಗೆ ಓಡಿಬರುತ್ತಿದ್ದ. ಒಂದು ದಿನ ಅತ್ತೆ ಮತ್ತೆ ಮಾತಾಡುತ್ತಾಳೆ ಎನ್ನುವ ಆಸೆಯೆಲ್ಲ ಆ ಒಂದು ಕೋಣೆಯಲ್ಲಿತ್ತು. ಅಂಥ ಕೋಣೆ ಸುತ್ತಮುತ್ತ ಇನ್ನೆಲ್ಲೂ ಇರಲಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. ಆಸ್ಪತ್ರೆ ಮುಚ್ಚಿ ಆ ಜಾಗದಲ್ಲಿ ಅಂಗಡಿ ಸಾಲು ಕಟ್ಟುತ್ತಾರಂತೆ ಎಂಬ ಗುಸುಗುಸು ಹಬ್ಬಿತ್ತು. ಕಣದಲ್ಲಿ ಇದ್ದವರು ಒಬ್ಬ ವಕೀಲೆ, ಒಬ್ಬ ಕಂಟ್ರಾಕ್ಟರ್. ಯಾರು ಮುಚ್ಚಿಸುವವರು, ಯಾರು ಉಳಿಸುವವರು ಎಂದು ಜನ ಬಂದು ಮಾವನನ್ನು ಕೇಳತೊಡಗಿದರು. ಪಾಪ, ಅವನ ಉಗ್ರಾಣ ಖಾಲಿ. ಗೊತ್ತಿಲ್ಲ ಎನ್ನಲು ನಾಲಗೆ ಹೊರಳದು.

ಹೀಗಿರುವಾಗ ಒಂದು ಬೆಳಗ್ಗೆ ಅಂಗಿ ಮಡಚುತ್ತಿದ್ದವನು ಕೈಯಲ್ಲಿದ್ದ ಅರ್ಧ ಹಾಳೆಯನ್ನು ನೋಡಿ ನಿಂತುಬಿಟ್ಟ. ಹಾಳೆಗಳನ್ನು ಈಗ ಅವನೇ ಓದದೆ ಕತ್ತರಿಸುತ್ತಿದ್ದ. ಮೇಲೆ ವಕೀಲೆಯ ಫೋಟೋ, ಕೆಳಗೆ ಅವಳ ಭಾಷಣ. 'ಈ ಆಸ್ಪತ್ರೆಯಿಂದ ಬರೀ ನಷ್ಟ, ಇದನ್ನು ಮುಚ್ಚುವುದೇ ಒಳ್ಳೆಯದು' ಎಂಬಲ್ಲಿಗೆ ಕಾಲಂ ಮುಗಿದಿತ್ತು.

"ನೋಡಿ ಮೇಷ್ಟ್ರೇ, ಸಿಕ್ಕಿಬಿದ್ಲು! ಅಚ್ಚಾಗಿದೆ ಇಲ್ಲಿ" ಎಂದು ಮಾವ ಹಾಳೆ ಎತ್ತಿ ಹಿಡಿದ.

ಅಂಗಡಿಯಲ್ಲೇ ಗಾಲಿಕುರ್ಚಿಯಲ್ಲಿ ಕೂತಿದ್ದ ಅತ್ತೆ ಎಡಗೈಯಿಂದ ಹಿಡಿಕೆಯನ್ನು ಪಟಪಟನೆ ಬಡಿದಳು.

"ನೋಡಿದ್ರಾ, ಅವಳಿಗೂ ಎಷ್ಟು ಸಿಟ್ಟು ಬಂದಿದೆ" ಎಂದ ಮಾವ. ನಾನೂ ಹಾಗೇ ಅಂದುಕೊಂಡೆ. ಸಂಜೆಯೊಳಗೆ ಆ ಸುದ್ದಿ ಬೀದಿಯನ್ನೆಲ್ಲ ಸುತ್ತಿ, ಕೈಕಾಲು ಬೆಳೆಸಿಕೊಂಡು ನಮ್ಮ ಅಂಗಡಿಗೇ ವಾಪಸ್ಸು ಬಂತು. ಆಸ್ಪತ್ರೆಗೆ ಬೀಗವನ್ನೂ ವಕೀಲೆಯೇ ತಂದಿಟ್ಟಿದ್ದಾಳಂತೆ ಎಂದು ಹಾಲಿನವಳು ನನಗೇ ಹೇಳಿದಳು.

ಕೆಲವು ದಿನಗಳ ಮೇಲೆ ಯಾರೋ ತೊಡದೇ ಇದ್ದ ಅಂಗಿಯನ್ನು ಮತ್ತೆ ಇಸ್ತ್ರಿಗೆ ಕೊಟ್ಟರು. ಬಿಡಿಸಿದರೆ ಒಳಗೆ ಆ ಹಾಳೆಯ ಇನ್ನೊಂದು ಅರ್ಧ. ಮಾವ ಎರಡನ್ನೂ ಮೇಜಿನ ಮೇಲೆ ಜೋಡಿಸಿ ಓದಿದ. 'ಎಂದು ಕಂಟ್ರಾಕ್ಟರ್ ಹೇಳಿಕೊಂಡು ತಿರುಗುತ್ತಿದ್ದಾರೆ. ನಾನು ಗೆದ್ದರೆ ಆಸ್ಪತ್ರೆಯ ಒಂದು ಇಟ್ಟಿಗೆಯನ್ನೂ ಮುಟ್ಟಲು ಬಿಡುವುದಿಲ್ಲ. ಮಾತು ಕಲಿಸುವ ಕೋಣೆಗೆ ಮೊನ್ನೆ ಹೋಗಿ ಅಲ್ಲಿದ್ದವರಿಗೂ ಇದನ್ನೇ ಹೇಳಿ ಬಂದಿದ್ದೇನೆ.'

ಅಂದರೆ ಅತ್ತೆ ಅದನ್ನು ಕಿವಿಯಾರೆ ಕೇಳಿದ್ದಳು. ಅವತ್ತು ಅವಳು ಕೈ ಬಡಿದದ್ದು ಇವನ ಬಾಯಿ ಮುಚ್ಚಿಸಲು. ಮಾವನ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಅಂಗಿಯ ಮೇಲೇ ಉಳಿಯಿತು. ಸುಟ್ಟ ವಾಸನೆ ಬಂದ ಮೇಲೆ ನಾನೇ ಕಿತ್ತುಕೊಂಡೆ. ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಏನ್ ಮಾಡ್ಬಿಟ್ಟೆ ನಾನು? ಅವಳ ಬಾಯಿಗೆ ನಾನೇ ಬೀಗ ಹಾಕ್ದೆನಲ್ಲಮ್ಮ" ಎಂದ.

"ಇನ್ನೂ ಮತದಾನ ಆಗಿಲ್ವಲ್ಲ ಮಾವ. ಹೋಗಿ ನಿಜ ಹೇಳು" ಎಂದೆ.

ಹೇಳಿದ. ಎರಡು ಅರ್ಧಗಳನ್ನೂ ಅಂಟಿಸಿಕೊಂಡು ಮನೆಮನೆ ಹತ್ತಿಳಿದ. ಸುಳ್ಳು ಹೇಳಿದಾಗ ತಲೆದೂಗಿದ ಜನ ನಿಜ ಹೇಳಿದಾಗ ಅವನ ಮುಖವನ್ನೇ ಅನುಮಾನದಿಂದ ನೋಡಿದರು. ಮೇಷ್ಟ್ರು ಬಾಗಿಲು ಅರ್ಧ ತೆರೆದು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ನಿಮ್ಗೆ ಯಾರೋ ಬೆದರಿಕೆ ಹಾಕಿದಾರೆ, ಅಲ್ವಾ?"

"ಇಲ್ಲ ಮೇಷ್ಟ್ರೇ, ನಾನೇ ಅರ್ಧ ಓದಿ..."

"ಕೈ ನಡುಗ್ತಾ ಇದೆ ನಿಮ್ದು. ಬಿಡಿ, ನಮಗೆ ಅರ್ಥ ಆಗತ್ತೆ. ನಾವೆಲ್ಲ ಹಾಕ್ಬೇಕಾದವರಿಗೇ ಹಾಕ್ತೀವಿ."

ಅವನು ಹೆದರಿದಷ್ಟೂ ಸುಳ್ಳು ಗಟ್ಟಿಯಾಗುತ್ತಾ ಹೋಯಿತು. ಮಾವ ಊಟ ಬಿಟ್ಟ. ಯಾರಾದರೂ ಅಂಗಡಿ ಮೆಟ್ಟಿಲು ಹತ್ತಿದರೆ ಬೆಚ್ಚಿಬೀಳುತ್ತಿದ್ದ. ಆಸ್ಪತ್ರೆಯ ಮೇಡಂಗೆ ಒಂದು ಮಾತು ಹೇಳು ಎಂದು ನಾನಂದರೆ, "ಅಲ್ಲೇ ಕೆಲಸ ಮಾಡೋರು, ಅವರಿಗೆ ಗೊತ್ತಿರಲ್ವಾ? ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದು ನುಣುಚಿಕೊಂಡ. ಆಗಲೇ ನಾನು ಅವನನ್ನು ದರದರ ಎಳೆದುಕೊಂಡು ಹೋಗಬೇಕಿತ್ತು.

ಮತದಾನದ ದಿನ ಅತ್ತೆಯ ಕುರ್ಚಿ ತಳ್ಳಿಕೊಂಡು ಶಾಲೆಯ ಅಂಗಳದ ಸಾಲಿನಲ್ಲಿ ನಿಂತೆವು. ಮತ ಹಾಕಿ ಹೊರಬಂದ ಮೇಡಂ ನಮ್ಮನ್ನು ಕಂಡು ನೇರ ನಮ್ಮ ಹತ್ತಿರ ಬಂದರು. ಬಗ್ಗಿ ಅತ್ತೆಯ ಕೈ ಹಿಡಿದುಕೊಂಡು ಮಾವನಿಗೆ ಹೇಳಿದರು:

"ನೀವು ಹೇಳಿದ್ದು ನನ್ನ ಕಿವಿಗೆ ಬೀಳದೇ ಇದ್ದಿದ್ರೆ ನಾನು ಮೋಸ ಹೋಗ್ತಿದ್ದೆ ನೋಡಿ. ಆ ವಕೀಲೆ ನಮ್ಮ ಕೋಣೆಗೆ ಬಂದು ಉಳಿಸ್ತೀನಿ ಅಂದ್ಲು, ಪೇಪರಿನವರ ಮುಂದೆ ಮುಚ್ಚಿ ಅಂದ್ಲು. ನಾನೂ, ನಮ್ಮ ಆಸ್ಪತ್ರೆಯವರೂ ಎಲ್ಲ ಕಂಟ್ರಾಕ್ಟರಿಗೇ ಹಾಕಿದ್ವಿ."

ಮಾವನ ಬಾಯಿ ತೆರೆಯಿತು, ದನಿ ಬರಲಿಲ್ಲ. ದನಿ ಬಂದದ್ದು ಕುರ್ಚಿಯಿಂದ. ಅತ್ತೆಯ ಕುತ್ತಿಗೆಯ ನರ ಉಬ್ಬಿತು, ತುಟಿ ಸೊಟ್ಟಗಾಗಿ ಸೇರಿತು.

"ಸು... ಸುಳ್ಳು!"

ಇಡೀ ಸಾಲು ತಿರುಗಿ ನೋಡಿತು. ಮೇಡಂ ಕಣ್ಣಲ್ಲಿ ನೀರು. "ಮಾತು ಬಂತು! ಇಷ್ಟು ಕಷ್ಟದ ಮಾತು ಇಷ್ಟು ಸ್ಪಷ್ಟವಾಗಿ! ಇನ್ನೊಂದ್ಸಲ ಹೇಳಿ ಅಮ್ಮಾ."

"ಸುಳ್ಳು!"

ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮಾವನ ಬೆನ್ನು ತಟ್ಟಿ ಅಭಿನಂದಿಸಿದರು. "ಅವಳು ಹೇಳ್ತಿರೋದು ನನಗೆ, ನಾನು ಹೇಳಿದ್ದೇ ಸುಳ್ಳು" ಎಂದು ಮಾವ ಅಳುತ್ತಾ ಕೂಗುತ್ತಿದ್ದರೆ, ಖುಷಿಗೆ ಅಳುತ್ತಿದ್ದಾನೆ ಎಂದು ಅವನಿಗೆ ನೀರು ತಂದುಕೊಟ್ಟರು. ಅಷ್ಟು ಜನರ ನಡುವೆ ನಿಂತು ನಾನು ಅಷ್ಟು ಹೆದರಿದ್ದು ಹಿಂದೆಂದೂ ಇಲ್ಲ.

ಕಂಟ್ರಾಕ್ಟರ್ ಗೆದ್ದ. ಮಳೆಗಾಲಕ್ಕೆ ಮುಂಚೆ ಆಸ್ಪತ್ರೆಗೆ ಬೀಗ ಬಿತ್ತು. ಮೇಡಂ ಬೇರೆ ಊರಿಗೆ ಹೋಗುವ ಮುನ್ನ ಆ ಗೋಡೆಗನ್ನಡಿಯನ್ನು ನಮ್ಮ ಅಂಗಡಿಗೆ ತಂದುಕೊಟ್ಟರು. ಮನೆಯಲ್ಲೇ ಅಭ್ಯಾಸ ಮಾಡಿಸಿ ಎಂದರು. ಹೇಗೆ ಮಾಡಿಸುವುದು ಎಂದು ನಮಗೆ ಗೊತ್ತಿಲ್ಲ.

ಈಗ ಮಾವ ಪ್ರತಿ ಹಾಳೆಯನ್ನೂ ಅತ್ತೆಗೆ ಪೂರ್ತಿ ಓದಿ ಹೇಳಿದ ಮೇಲೆಯೇ ಕತ್ತರಿ ಹಾಕುತ್ತಾನೆ. ಯಾರಿಗೆ ಹಾಕೋಣ ಎಂದು ಕೇಳಿದವರಿಗೆ, "ನನ್ನ ಕೇಳ್ಬೇಡಿ, ನೀವೇ ಓದಿ" ಎನ್ನುತ್ತಾನೆ. ಅತ್ತೆ ಕನ್ನಡಿಯ ಮುಂದೆ ಕೂತಿರುತ್ತಾಳೆ. ಬಟ್ಟೆ ಕೊಡಲು ಬಂದವರು ಹೇಗಿದ್ದೀರಿ ಎಂದರೂ, ಬಿಸಿಲು ಜೋರು ಎಂದರೂ, ಅವಳ ಬಾಯಿಂದ ಬರುವುದು ಆ ದಿನದ ಮಾತೊಂದೇ. ಬಂದವರು ನಗುತ್ತಾರೆ. ಮಾವನ ಇಸ್ತ್ರಿ ಪೆಟ್ಟಿಗೆ ಮಾತ್ರ ಪ್ರತಿ ಸಲವೂ ಅರ್ಧದಲ್ಲೇ ನಿಲ್ಲುತ್ತದೆ. ಬಟ್ಟೆ ಸುಡುವ ಮುಂಚೆ ನಾನು ಹೋಗಿ ಎತ್ತುತ್ತೇನೆ.