ಕೊಡೆ ಮಾಮ ಬರೆದ ಒಂದು ಪುಟ

ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನಿನ ಕೋಣೆಯನ್ನು ಇಪ್ಪತ್ತಾರು ವರ್ಷ ಕಾಯ್ದ ಗುಮಾಸ್ತನಿಗೆ ಎಲ್ಲರೂ ಕೊಡೆ ಮಾಮ ಎನ್ನುತ್ತಿದ್ದರು. ಜನ ಬಸ್ಸಿನಲ್ಲಿ ಏನು ಬೇಕಾದರೂ ಬಿಟ್ಟು ಇಳಿಯುತ್ತಾರೆ: ಕೊಡೆ, ಕನ್ನಡಕ, ಹಲ್ಲಿನ ಸೆಟ್ಟು. ಒಬ್ಬ ಮಹರಾಯ ಅತ್ತೆಯನ್ನೇ ಬಿಟ್ಟು ಹೋಗಿದ್ದ. ಗುರುತು ಹೇಳಲು ತಿರುಗಿ ಬರಲೇ ಇಲ್ಲ. ಮಾಲೀಕರಿಗಷ್ಟೇ ಗೊತ್ತಿರುವ ಗುರುತು ಹೇಳಿದರೆ ಮಾತ್ರ ಸಾಮಾನು ಕೈಗೆ ಕೊಡಬೇಕು ಎಂಬುದು ಅಲ್ಲಿಯ ಕಾನೂನು.

ಹೊಸದಾಗಿ ಬಂದ ಮೇಲಧಿಕಾರಿ ಎಲ್ಲೋ ತರಬೇತಿ ಮುಗಿಸಿ ಬಂದ ಹೆಂಗಸು. ಪ್ರತಿಯೊಬ್ಬರೂ ತಮ್ಮ ಬಗ್ಗೆ ಒಂದು ಪುಟದ ಪ್ರಬಂಧ ಬರೆಯಬೇಕೆಂದು ಹುಕುಂ ಹೊರಡಿಸಿದರು. ತನ್ನನ್ನೇ ಅರಿಯದವನು ಪರರ ಸಾಮಾನು ಕಾಯಲಾರ ಎಂದು ಸುತ್ತೋಲೆಯಲ್ಲಿತ್ತು. ಸರಿಯಾಗಿ ಬರೆಯದವರಿಗೆ ಬಸ್ಸು ತೊಳೆಯುವ ಕೆಲಸ. ಮಂಡಿನೋವಿನ ಮಾಮ ಆ ಸಂಜೆಯೇ ಹಾಳೆ, ಪೆನ್ನು ಹಿಡಿದು ಕೂತ.

ಅವನಿಗೆ ಬರೆಯಲು ಬರುತ್ತಿದ್ದುದು ಒಂದೇ ಧಾಟಿ, ಕಳೆದ ಸಾಮಾನಿನ ಪಟ್ಟಿಯದು. ಬಣ್ಣ: ಎಣ್ಣೆಗೆಂಪು. ಉದ್ದ: ಐದಡಿ ಮೂರಂಗುಲ. ಸ್ಥಿತಿ: ಬಳಸಿದ್ದು, ಮಂಡಿ ಸಡಿಲ. ಮಾಲೀಕರಿಗಷ್ಟೇ ಗೊತ್ತಿರುವ ಗುರುತು? ಅಲ್ಲಿಗೆ ಪೆನ್ನು ನಿಂತಿತು. ಹೆಂಡತಿಯನ್ನು ಕೇಳಿದ.

“ಗೊರಕೆ,” ಅಂದಳು ಆಕೆ.

“ಅದು ಪಕ್ಕದ ಮನೆಯವರಿಗೂ ಗೊತ್ತು ಕಣೇ. ನಂಗೊಬ್ಬನಿಗೇ ಗೊತ್ತಿರೋದು ಬೇಕು.”

“ನಿಮಗೊಬ್ಬರಿಗೇ ಗೊತ್ತಿರೋದನ್ನ ನನ್ನ ಕೇಳ್ತೀರಲ್ಲ, ತಲೆ ನೆಟ್ಟಗಿದೆಯಾ?”

ಮೂರು ದಿನ ತಲೆ ಕೆರೆದುಕೊಂಡು ಕಡೆಗೆ ಬರೆದ: ‘ಗುರುತು ಹೇಳಲಾಗದೆ ಪೆಚ್ಚಾಗಿ ನಿಂತವರನ್ನು ಬರಿಗೈಲಿ ಕಳಿಸಲು ನನ್ನಿಂದ ಆಗಿಲ್ಲ. “ಕೊಡೆಯ ಹಿಡಿ ಸ್ವಲ್ಪ ಬಿರುಕು ಬಿಟ್ಟಿತ್ತು, ಅಲ್ವಾ?” ಎಂದು ನಾನೇ ಹೇಳಿಕೊಟ್ಟಿದ್ದೇನೆ. ಯಾರದೋ ಕೊಡೆ ಯಾರಿಗೋ ಹೋಗಿದೆ. ನಿಜವಾದ ಮಾಲೀಕರು ಬಂದಾಗ ಇನ್ನೊಬ್ಬರದ್ದನ್ನು ಕೊಟ್ಟಿದ್ದೇನೆ.’

ಬರೆದದ್ದನ್ನು ಓದಿಕೊಂಡ. ಇಷ್ಟು ವರ್ಷ ತಾನು ಭಾರೀ ಕಟ್ಟುನಿಟ್ಟಿನ ಮನುಷ್ಯ ಎಂದೇ ನಂಬಿದ್ದನಲ್ಲ! ನಾಚಿಕೆಯೂ ಆಯಿತು, ನಗುವೂ ಬಂತು. ಹರಿದು ಹಾಕಲು ಮನಸ್ಸಾಗಲಿಲ್ಲ. ಮಡಿಸಿ ಕೊಟ್ಟುಬಂದ.

ಮೇಲಧಿಕಾರಿ ಅವನನ್ನು ಕರೆಸಿ, ಎದುರಲ್ಲೇ ಇನ್ನೊಂದು ಸಲ ಓದಿ, ಬಾಗಿಲು ಮುಚ್ಚಿದರು.

“ಏನ್ರೀ ಇದು, ನಿಮ್ಮ ಕೊರಳಿಗೆ ನೀವೇ ಉರುಳು ಹಾಕ್ಕೊಂಡಿದ್ದೀರಲ್ಲ!” ಮಾಮನ ಮುಖ ನೋಡಿ ಅವರ ದನಿ ಇಳಿಯಿತು. “ಇದನ್ನ ಬೇರೆ ಯಾರೋ ಬರೆದಿರಬೇಕು. ನಿಮ್ಮ ಮೇಜಿನ ಮೇಲೆ ಬಿಟ್ಟು ಹೋಗಿರಬೇಕು. ಅಲ್ವಾ?”

ಹೂಂ ಅಂದರೆ ಸಾಕಿತ್ತು, ಕೋಣೆ ಉಳಿಯುತ್ತಿತ್ತು. ಮಾಮ ಹಾಳೆಗೆ ಕೈ ಚಾಚಿದ.

“ಇಲ್ಲ ಮೇಡಂ, ಇದು ನಂದೇ. ಬೇಕಾದ್ರೆ ಗುರುತು ಕೇಳಿ.”

ಬಸ್ಸು ತೊಳೆಯುವ ಪೈಪು ಮಾರನೆಯ ದಿನವೇ ಅವನ ಕೈಗೆ ಬಂತು.