ಸೀದ ಹಾಲು

ಹೋದ ಭಾನುವಾರ ಬೆಳಗ್ಗೆ ಒಲೆಯ ಮೇಲೆ ಹಾಲಿಟ್ಟು, ಆಫೀಸಿನಿಂದ ಬಂದಿದ್ದ ಸಂದೇಶವೊಂದಕ್ಕೆ ಉತ್ತರ ಬರೆಯುತ್ತ ಕಿಟಕಿಯ ಬಳಿ ನಿಂತಿದ್ದೆ. ಚೆನ್ನೈನ ಪೆರುಂಗುಡಿಯ ಈ ಸಣ್ಣ ಮನೆಯಲ್ಲಿ ಅಡುಗೆಮನೆಗೂ ಮುಂದಿನ ಕೋಣೆಗೂ ನಡುವೆ ಗೋಡೆಯಿಲ್ಲ. ವಾಸನೆ ಬಂದಾಗ ನಾನು ಓಡಲಿಲ್ಲ. ಒಂದು ಕ್ಷಣ ಹಾಗೆಯೇ ನಿಂತೆ. ಅದು ಉಕ್ಕಿ ಚೆಲ್ಲಿದ ಹಾಲಿನ ವಾಸನೆಯಲ್ಲ. ತಳದಲ್ಲಿ ಎಲ್ಲೋ ಒಂದು ಕಡೆ ಹತ್ತಿ, ಇನ್ನೂ ಪೂರ್ತಿ ಮೇಲೇರದ, ನೂಲಿನಷ್ಟು ತೆಳ್ಳಗಿನ ಸೀದ ವಾಸನೆ. ಬೇರೆಯವರಿಗೆ ತಿಳಿಯುತ್ತಿತ್ತೋ ಇಲ್ಲವೋ. ಅದನ್ನು ಹಿಡಿಯುವುದೇ ಒಂದು ಕಾಲದಲ್ಲಿ ನನ್ನ ಕೆಲಸವಾಗಿತ್ತು… ಭಟ್ಟರಿಗಾಗಿ.

ಆಗ ನಾವು ನುಂಗಂಬಾಕ್ಕಂನ ಹಳೆಯ ಬೀದಿಯೊಂದರಲ್ಲಿ, ಒಂದು ಹೋಟೆಲಿನ ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಇದ್ದೆವು. ಅಪ್ಪನಿಗೆ ವಿಮಾ ಕಚೇರಿಯಲ್ಲಿ ಕೆಲಸ. ನಮ್ಮದು ಮೈಸೂರಿನ ಕಡೆಯ ಮನೆತನ. ಕೆಳಗಿನ ಹೋಟೆಲು ಉಡುಪಿ ಕಡೆಯವರದು. ನಮ್ಮ ಮೆಟ್ಟಿಲು ಇಳಿಯುತ್ತಿದ್ದುದು ಹೋಟೆಲಿನ ಹಿತ್ತಿಲಿಗೆ. ಅಲ್ಲಿ ಪಾತ್ರೆ ತೊಳೆಯುವ ಕಲ್ಲಿನ ಕಟ್ಟೆ, ಅದರ ಎದುರಿಗೆ ಅಡುಗೆಮನೆಯ ಕಂಬಿ ಕಿಟಕಿ. ಕಿಟಕಿಯೊಳಗೆ ಹೋಟೆಲಿನ ಅಡುಗೆಯ ಭಟ್ಟರು. ನಾನು ಶಾಲೆಗೆ ಸೇರುವ ಮೊದಲಿನಿಂದಲೂ ಅವರು ಅಲ್ಲಿಯೇ ಇದ್ದರು. ನಾನು ಅವರ ಕನ್ನಡಕ್ಕೆ ತಮಿಳಿನಲ್ಲಿ ಉತ್ತರ ಕೊಟ್ಟರೆ ಸೌಟು ಎತ್ತಿ ಹೆದರಿಸುತ್ತಿದ್ದರು. "ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲೇ ಹೇಳಿದ್ರೆ ಮಾತ್ರ ವಡೆ. ಇಲ್ಲದಿದ್ರೆ ಬರೀ ಚಟ್ನಿ." ನನ್ನ ಕನ್ನಡದ ಅರ್ಧ ಪಾಲು ಆ ಕಿಟಕಿಯಲ್ಲಿ ಕಲಿತದ್ದು.

ಭಾನುವಾರ ಮಾತ್ರ ಅವರು ಬ್ರೆಡ್ ಪುಡಿಂಗ್ ಮಾಡುತ್ತಿದ್ದರು. ಮದ್ರಾಸಿಗೆ ಬಂದ ಹೊಸದರಲ್ಲಿ, ಹೋಟೆಲಿಗೆ ಸೇರುವ ಮುಂಚೆ, ಅದೇ ಬೀದಿಯ ಬಂಗಲೆಯೊಂದರಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕಿದ್ದರಂತೆ. ಅಲ್ಲಿನ ಮುದುಕಿ ಮಾಡುತ್ತಿದ್ದುದನ್ನು ದೂರದಿಂದ ನೋಡಿ ಕಲಿತು, ಮೊಟ್ಟೆ ತೆಗೆದು ತಮ್ಮದನ್ನಾಗಿ ಮಾಡಿಕೊಂಡಿದ್ದರು. ವಾರವಿಡೀ ಸ್ಯಾಂಡ್‌ವಿಚ್ಚಿಗೆಂದು ಕತ್ತರಿಸಿ ಉಳಿದ ಬ್ರೆಡ್ಡಿನ ಅಂಚುಗಳನ್ನು ಬಿಸಿಲಲ್ಲಿ ಒಣಗಿಸಿ ಡಬ್ಬದಲ್ಲಿ ಇಟ್ಟಿರುತ್ತಿದ್ದರು. ಭಾನುವಾರ ಬೆಳಗ್ಗೆ ದಪ್ಪ ತಳದ ಪಾತ್ರೆಯಲ್ಲಿ ಸಕ್ಕರೆ ಹಾಕಿ, ನೀರಿಲ್ಲದೆ, ಕೆಂಪಗೆ ಕರಗಿಸಿ ತಳಕ್ಕೆಲ್ಲ ಹರಡುತ್ತಿದ್ದರು. ಇನ್ನೊಂದರಲ್ಲಿ ಹಾಲು ಅರ್ಧಕ್ಕೆ ಇಳಿಯಬೇಕು. ಅದಕ್ಕೆ ಕಸ್ಟರ್ಡ್ ಪುಡಿ, ಒಂದಿಷ್ಟು ತುಪ್ಪ, ಏಲಕ್ಕಿ, ಚೂರು ಜಾಯಿಕಾಯಿ. ಬ್ರೆಡ್ಡನ್ನು ಅದರಲ್ಲಿ ನೆನೆಸಿ, ಕೈಯಲ್ಲಿ ಮಿದ್ದು, ಸಕ್ಕರೆಯ ಪಾತ್ರೆಗೆ ಸುರಿದು, ಮುಚ್ಚಿ, ಇಡ್ಲಿ ಬೇಯಿಸುವ ದೊಡ್ಡ ಪಾತ್ರೆಯೊಳಗೆ ಹಬೆಯಲ್ಲಿ ಇಡುತ್ತಿದ್ದರು. ಆರಿದ ಮೇಲೆ ತಟ್ಟೆಗೆ ಮಗುಚಿದರೆ ಮೇಲ್ಭಾಗ ತಾಮ್ರದ ಬಣ್ಣಕ್ಕೆ ಹೊಳೆಯುತ್ತಿತ್ತು. ಹನ್ನೊಂದು ಗಂಟೆಗೆ ಸರಿಯಾಗಿ ಬಡಿಸುವವರ ಕೂಗು ಶುರು. "ಭಟ್ರೇ, ರೆಂಡು ಪುಡಿಂಗ್!"

ಆದರೆ ಅದಕ್ಕೂ ಮುಂಚೆ ಒಂದು ಚೂರು ಬಾಳೆಲೆಯ ತುಂಡಿನ ಮೇಲೆ, ಅಡುಗೆಮನೆಯ ಗೋಡೆಯಲ್ಲಿದ್ದ ಕೃಷ್ಣನ ಪಟದ ಮುಂದೆ ಹೋಗಬೇಕಿತ್ತು. ಅವರು ಮಾಡಿದ್ದು ಯಾವುದೇ ಇರಲಿ, ಮೊದಲು ದೇವರಿಗೆ. ಅಲ್ಲಿಯವರೆಗೆ ಯಾರ ನಾಲಿಗೆಗೂ ತಾಗಕೂಡದು, ತಮ್ಮ ನಾಲಿಗೆಗಂತೂ ಖಂಡಿತ ಇಲ್ಲ. ಉಪ್ಪು ನೋಡಲೆಂದು ಒಂದು ಹನಿಯನ್ನೂ ಅಂಗೈಗೆ ಹಾಕಿಕೊಂಡವರಲ್ಲ. ಸಾರಿಗೆ ಉಪ್ಪು ಸಾಲದಿದ್ದರೆ ಕುದಿಯುವ ವಾಸನೆಯಲ್ಲೇ ತಿಳಿಯುತ್ತದೆ ಎನ್ನುತ್ತಿದ್ದರು. ಹೋಟೆಲಿನ ಧಣಿಗಳು ಒಮ್ಮೆ ತಮಾಷೆ ಮಾಡಿದ್ದು ನೆನಪಿದೆ.

"ಏನು ಭಟ್ರೇ, ದೇವರಿಗೂ ಬ್ರೆಡ್ಡಾ?"

"ಅವನೂ ಮದ್ರಾಸಿಗೆ ಬಂದು ಎಷ್ಟು ವರ್ಷ ಆಯ್ತು ಧಣಿ? ಇನ್ನೂ ಅವಲಕ್ಕಿಯೇ ಬೇಕು ಅಂತ ಹಟ ಮಾಡ್ತಾನಾ?"

ಕೊರೊನಾದ ಎರಡನೆಯ ವರ್ಷ ಭಟ್ಟರಿಗೆ ಜ್ವರ ಬಂತು. ಹದಿನೈದು ದಿನ ಹೋಟೆಲಿನ ಹಿಂದಿನ ಕೋಣೆಯಲ್ಲಿ ಒಬ್ಬರೇ ಮಲಗಿದ್ದರು. ಅಮ್ಮ ಗಂಜಿ ಮಾಡಿ ಬಾಗಿಲ ಬಳಿ ಇಟ್ಟು ಬರುತ್ತಿದ್ದಳು. ಎದ್ದು ಓಡಾಡುವಂತಾದ ಮೇಲೆ ಮತ್ತೆ ಒಲೆಯ ಮುಂದೆ ನಿಂತರು. ಸ್ವಲ್ಪ ಸೊರಗಿದ್ದರು ಎನ್ನುವುದು ಬಿಟ್ಟರೆ ಬೇರೇನೂ ಬದಲಾದಂತೆ ಕಾಣಲಿಲ್ಲ.

ಆಗ ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಪಾಠಗಳೆಲ್ಲ ಫೋನಿನಲ್ಲಿ. ಮನೆಯೊಳಗೆ ಸಿಗ್ನಲ್ ಸರಿಯಾಗಿ ಬರುತ್ತಿರಲಿಲ್ಲವಾದ್ದರಿಂದ ಹಿತ್ತಿಲಿನ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದೆ. ಒಂದು ಭಾನುವಾರ ಬೆಳಗ್ಗೆ ಮೆಟ್ಟಿಲಿಳಿಯುವಾಗಲೇ ಕಮಟು ಹೊಗೆ ಬಂದು ಗಂಟಲಿಗೆ ತಾಗಿತು. ಕಿಟಕಿಯಲ್ಲಿ ನೋಡಿದರೆ ಭಟ್ಟರು ಬೆನ್ನು ತಿರುಗಿಸಿ, ಏನೂ ಆಗದವರಂತೆ ಬ್ರೆಡ್ ಮುರಿಯುತ್ತಿದ್ದಾರೆ. ಹಿಂದೆ ಸಕ್ಕರೆ ಕಪ್ಪಾಗಿ ಹೊಗೆಯೇಳುತ್ತಿದೆ.

"ಭಟ್ರೇ, ಸೀದುಹೋಗ್ತಾ ಇದೆ!"

ತಿರುಗಿ ನೋಡಿ ಒಲೆ ಆರಿಸಿದರು. ಕೆಲಸದವರು ಮುಂಭಾಗದಲ್ಲಿ ಮೇಜು ಒರೆಸುತ್ತಿದ್ದರು. ಭಟ್ಟರು ಕಿಟಕಿಯ ಹತ್ತಿರ ಬಂದು ಬಹಳ ಮೆಲ್ಲಗೆ ಕೇಳಿದರು.

"ಅಲ್ಲಿವರೆಗೆ ಬಂತಾ ವಾಸನೆ?"

ಅವರ ಮುಖ ನೋಡಿದೆ. ಅವರು ಹೇಳುವ ಅಗತ್ಯವಿರಲಿಲ್ಲ.

"ಎಷ್ಟು ದಿನದಿಂದ?" ಎಂದೆ.

"ಜ್ವರ ಬಿಟ್ಟ ಮೇಲೆ ಮೂಗಿಗೆ ಎಂತದೂ ಇಲ್ಲ. ಇಂಗಿಲ್ಲ, ಕಾಫಿಯಿಲ್ಲ. ಗಂಧ ತೇಯ್ದರೆ ಬರೀ ಕೆಸರು." ಮುಂಭಾಗದ ಕಡೆ ಒಮ್ಮೆ ತಿರುಗಿ ನೋಡಿದರು. "ಧಣಿಗೆ ಹೇಳ್ಬೇಡ ಮಾರಾಯ್ತಿ. ಅಡುಗೆ ಬಿಟ್ರೆ ನಂಗೆ ಬೇರೆ ಎಂತ ಗೊತ್ತುಂಟು?"

ಬೇರೆ ಯಾವ ಅಡುಗೆಯವರಾದರೂ ನಾಲಿಗೆಯ ಮೇಲೆ ಹಾಕಿಕೊಂಡು ಉಪ್ಪು-ಸಿಹಿಯನ್ನಾದರೂ ತಿಳಿಯುತ್ತಿದ್ದರು. ಭಟ್ಟರಿಗೆ ಆ ದಾರಿಯೂ ಇರಲಿಲ್ಲ. ಅವರು ಎಂದೂ ರುಚಿ ನೋಡದವರಾದ್ದರಿಂದಲೇ ಅವರಲ್ಲಿ ಏನೋ ಕಳೆದುಹೋಗಿದೆ ಎಂದು ಯಾರಿಗೂ ಅನುಮಾನ ಬರಲಿಲ್ಲ.

ಸಾರು, ಪಲ್ಯಗಳಲ್ಲಿ ಅವರ ಕೈಯ ಅಂದಾಜು ತಪ್ಪುತ್ತಿರಲಿಲ್ಲ. ಕಷ್ಟವಿದ್ದದ್ದು ಭಾನುವಾರ. ಸಕ್ಕರೆ ಕೆಂಪಾಗುವುದಕ್ಕೂ ಕಹಿಯಾಗುವುದಕ್ಕೂ ನಡುವೆ ನಾಲ್ಕು ಉಸಿರಿನಷ್ಟು ಹೊತ್ತು. ಹೊಗೆ ಹಿಡಿದ ಆ ಅಡುಗೆಮನೆಯಲ್ಲಿ ಬಣ್ಣ ನಂಬುವಂತಿರಲಿಲ್ಲ. ಹಾಲು ತಳ ಹತ್ತಿದರೆ ಸೌಟಿಗೆ ತಿಳಿಯುತ್ತದೆ. ಸೀದದ್ದು ಹಾಲಿನೊಳಗೆ ಏರಿತೋ ಇಲ್ಲವೋ ಎನ್ನುವುದು ಮಾತ್ರ ಮೂಗಿಗೇ ತಿಳಿಯಬೇಕು. ಹಾಗಾಗಿ ಪ್ರತಿ ಭಾನುವಾರ ನಾನು ಪುಸ್ತಕ ಹಿಡಿದು ಕಿಟಕಿಯ ಹೊರಗೆ ಕೂತೆ. ಓದುವವಳಂತೆ ತಲೆ ಬಗ್ಗಿಸಿಕೊಂಡು ಎರಡೇ ಮಾತು ಹೇಳುತ್ತಿದ್ದೆ. "ಇಳಿಸಿ." "ಸರಿಯಿದೆ." ಅವರು ತಿರುಗಿಯೂ ನೋಡದೆ ಹಾಗೆಯೇ ಮಾಡುತ್ತಿದ್ದರು. ಸಕ್ಕರೆ ಯಾವ ಶಾಖಕ್ಕೆ ಕಂದುಬಣ್ಣಕ್ಕೆ ತಿರುಗುತ್ತದೆ ಎಂದು ನಾನೊಮ್ಮೆ ವಿವರಿಸಲು ಹೋದೆ.

"ನಿನ್ನ ಪುಸ್ತಕದಲ್ಲಿ ಡಿಗ್ರಿ ಉಂಟು, ಸರಿ. ಡಿಗ್ರಿಗೆ ವಾಸನೆ ಉಂಟಾ?" ಎಂದು ನಕ್ಕರು.

ನಾನು ಹೆಚ್ಚು ಮಾತಿನವಳಲ್ಲ. ಯಾರ ಗುಟ್ಟನ್ನೂ ಯಾರಿಗೂ ಹೇಳಿದವಳಲ್ಲ. ಅಮ್ಮನಿಗೂ ಹೇಳಲಿಲ್ಲ. ನನ್ನ ಒಂದು ಮಾತಿನ ಮೇಲೆ ಇನ್ನೊಬ್ಬರ ಕೈ ಅಷ್ಟು ನಿಶ್ಚಿಂತೆಯಿಂದ ನಡೆಯುವುದನ್ನು ನೋಡುವುದು ಹಿತವಾಗಿತ್ತು ಎಂದು ಈಗ ಒಪ್ಪಿಕೊಳ್ಳಬಲ್ಲೆ.

ಹೀಗೆ ಹಲವು ತಿಂಗಳು ನಡೆಯಿತು. ಆಮೇಲೆ ಒಂದು ಭಾನುವಾರ… ಧಣಿಗಳ ನೆಂಟರು ಊರಿನಿಂದ ಬಂದಿದ್ದರು. ಅವರಿಗೆಂದು ಹಾಲು ಹೆಚ್ಚಾಗಿ ಇಟ್ಟಿದ್ದರು. ಧಣಿಗಳು ಆಗಾಗ ಅಡುಗೆಮನೆಗೆ ಬಂದು ಇಣುಕಿ ಹೋಗುತ್ತಿದ್ದರು. ಭಟ್ಟರು ಬೆಳಗಿನ ಜಾವದಿಂದ ನಿಂತೇ ಇದ್ದರು. ಹಾಲು ಅರ್ಧಕ್ಕೆ ಇಳಿಯುವ ಹೊತ್ತಿಗೆ ಆ ನೂಲಿನಂಥ ವಾಸನೆ ಬಂತು. ಅವರು ಕಿಟಕಿಯ ಕಡೆ ನೋಡಿದರು.

ಹಾಲು ಚೆಲ್ಲಬೇಕಾದರೆ ಧಣಿಗಳ ಕಣ್ಣೆದುರಿಗೇ ಚೆಲ್ಲಬೇಕಿತ್ತು. ಏಲಕ್ಕಿ ಇದೆ, ಜಾಯಿಕಾಯಿ ಇದೆ, ಮುಚ್ಚಿಹೋದೀತು ಎಂದುಕೊಂಡೆ.

"ಸರಿಯಿದೆ," ಎಂದೆ.

ಮುಚ್ಚಿಹೋಗಲಿಲ್ಲ. ಬಡಿಸಿದ ಬಟ್ಟಲುಗಳಲ್ಲಿ ಅರ್ಧಕ್ಕರ್ಧ ಹಾಗೆಯೇ ಹಿಂದಕ್ಕೆ ಬಂದವು. ಭಟ್ಟರು ತೊಳೆಯುವ ಕಟ್ಟೆಯ ಬಳಿ ಬಂದು, ಒಂದೊಂದು ಬಟ್ಟಲನ್ನೂ ನೋಡಿದರು. ಮಾರನೆಯ ದಿನ ಕೇಳಿದರು.

"ನಿನ್ನೆ ಸೀದಿತ್ತಾ?"

"ಸ್ವಲ್ಪ," ಎಂದೆ.

"ಸ್ವಲ್ಪ ಸೀಯುದು ಅಂತ ಇಲ್ಲ." ಬೈಯಲಿಲ್ಲ. ದನಿಯನ್ನೂ ಏರಿಸಲಿಲ್ಲ. "ಬಂದವರು ಬೇಕಾದ್ರೆ ಬೈದು ಮರೀತಾರೆ. ನಾನು ಅದನ್ನು ದೇವರ ಮುಂದೆ ಇಟ್ಟೆನಲ್ಲ… ನಿನ್ನ ಹತ್ರ ನಾನು ಕೇಳಿದ್ದು ಮೂಗು ಮಾರಾಯ್ತಿ. ಕನಿಕರ ಯಾರು ಕೇಳಿದ್ದು?"

ಮುಂದಿನ ಭಾನುವಾರವೂ ನಾನು ಕಿಟಕಿಯ ಹೊರಗೆ ಕೂತೆ. ಅವರು ಬೇಡವೆನ್ನಲಿಲ್ಲ. ಎಲ್ಲವೂ ಮೊದಲಿನಂತೆಯೇ ಇತ್ತು, ಒಂದನ್ನು ಬಿಟ್ಟು. ನಾನು "ಸರಿಯಿದೆ" ಎಂದಾಗ ಅವರ ಕೈ ಮೊದಲಿನಂತೆ ಮುಂದುವರಿಯಲಿಲ್ಲ. ತಿರುಗಿ ನೋಡಿ "ಹೌದಾ?" ಎಂದರು. ಆಮೇಲೆ ಪ್ರತಿ ಸಲವೂ ಕೇಳಿದರು. ಪ್ರತಿ ಸಲವೂ ನಾನು "ಹೌದು" ಎಂದೆ, ಪ್ರತಿ ಸಲವೂ ಅದು ನಿಜವಾಗಿತ್ತು.

ಓದು ಮುಗಿಯುವ ವೇಳೆಗೆ ನಾನು ಕೆಲಸಕ್ಕೆ ಅರ್ಜಿ ಹಾಕತೊಡಗಿದ್ದೆ. ಒಂದು ಕಂಪನಿಯವರು ಲಿಖಿತ ಪರೀಕ್ಷೆಯನ್ನು ಪೆರುಂಗುಡಿಯಲ್ಲಿ, ಭಾನುವಾರವೇ ಇಟ್ಟರು. ಹಿಂದಿನ ದಿನ ಹೋಗಿ ಭಟ್ಟರಿಗೆ ಹೇಳಿದೆ. ನಾಳೆ ಪುಡಿಂಗ್ ಬೇಡ ಎಂದುಬಿಡಿ, ಬ್ರೆಡ್ ಇಲ್ಲ ಎಂದರಾಯಿತು ಎಂದೆ.

"ಬ್ರೆಡ್ ಉಂಟಲ್ಲ," ಎಂದರು. "ನೀನು ಹೋಗಿ ಚೆಂದ ಮಾಡಿ ಬರಿ. ನಾನು ನೋಡಿಕೊಳ್ತೇನೆ."

ಪರೀಕ್ಷೆ ಮುಗಿಸಿ ಎರಡು ಬಸ್ಸು ಬದಲಿಸಿ ಮನೆಗೆ ಬರುವಾಗ ಮಧ್ಯಾಹ್ನ ಎರಡು ದಾಟಿತ್ತು. ಹಿತ್ತಿಲಿಗೆ ಕಾಲಿಟ್ಟೆ. ಭಟ್ಟರು ನಾನು ಕೂರುತ್ತಿದ್ದ ಕಟ್ಟೆಯ ಮೇಲೆ, ನನ್ನ ಜಾಗದಲ್ಲಿ ಕೂತಿದ್ದರು. ಪಕ್ಕದಲ್ಲಿ ದೊಡ್ಡ ತಟ್ಟೆಯ ಮೇಲೆ ಮಗುಚಿದ ಪುಡಿಂಗ್ ಹಾಗೆಯೇ ಇತ್ತು. ಚಾಕು ಬಿದ್ದಿರಲಿಲ್ಲ. ಅಂಚಿನಲ್ಲಿ ಒಂದು ಚಮಚದಷ್ಟು ಮಾತ್ರ ಇರಲಿಲ್ಲ. ಕಿಟಕಿಯೊಳಗೆ ಕೃಷ್ಣನ ಪಟದ ಮುಂದೆ ಬಾಳೆಲೆಯ ತುಂಡು ಖಾಲಿಯಾಗಿತ್ತು.

"ತಿಂದು ನೋಡಿದೆ," ಎಂದರು. ನಲವತ್ತು ವರ್ಷದ ಅಡುಗೆಯಲ್ಲಿ ಮೊದಲ ಸಲ. "ದೇವರ ಮುಂದೆ ಇಡ್ಲಿಕ್ಕೆ ಧೈರ್ಯ ಬರಲಿಲ್ಲ. ಸೀದಿದ್ರೆ? ಅದಕ್ಕೆ ನಾಲಿಗೆಗೆ ಹಾಕಿದೆ. ಸಿಹಿ ಉಂಟು. ಅಷ್ಟೇ. ಬೇರೆ ಎಂತದೂ ಗೊತ್ತಾಗಲಿಲ್ಲ. ಮೈಲಿಗೆ ಆದದ್ದೊಂದೇ ಬಂತು."

ನಾನು ತಟ್ಟೆಯ ಮೇಲೆ ಬಗ್ಗಿ ಉಸಿರೆಳೆದುಕೊಂಡೆ. ಸಕ್ಕರೆ ಕಹಿಯಾಗುವುದಕ್ಕೆ ಒಂದು ಉಸಿರು ಮೊದಲು ಇಳಿದಿತ್ತು. ಹಾಲು, ತುಪ್ಪ, ಏಲಕ್ಕಿ ಬೇರೆ ಬೇರೆಯಾಗಿ ತಿಳಿಯುತ್ತಿದ್ದವು. ನಾನಿದ್ದ ಯಾವ ಭಾನುವಾರವೂ ಅದು ಅಷ್ಟು ಚೆನ್ನಾಗಿ ಬಂದಿರಲಿಲ್ಲ.

"ಚೆನ್ನಾಗಿದೆ ಭಟ್ರೇ. ಒಂದಿಷ್ಟೂ ಸೀದಿಲ್ಲ. ನಿಜವಾಗಿ."

ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

"ಹೌದಾ?" ಎಂದರು.

ನನಗೆ ಮತ್ತೆ ಹೌದೆನ್ನಲು ಆಗಲಿಲ್ಲ.

ಅಷ್ಟರಲ್ಲಾಗಲೇ ಭಟ್ಟರು ಧಣಿಗಳಿಗೆ ಮೂಗಿನ ವಿಷಯ ತಾವೇ ಹೇಳಿ ಮುಗಿಸಿದ್ದರು. ಧಣಿಗಳು ಒಳ್ಳೆಯವರು. ಹಿತ್ತಿಲಿಗೆ ಬಂದು, "ಪರವಾಯಿಲ್ಲೆ ಭಟ್ರೇ, ನೀವು ಕೂತ್ಕೊಂಡು ಹೇಳಿಕೊಟ್ರೆ ಸಾಕು, ಮಾಡೋರು ಮಾಡ್ತಾರೆ," ಎಂದರು. ಭಟ್ಟರು ಬೇಡವೆಂದು ತಲೆಯಾಡಿಸಿದರು. ಪುಡಿಂಗನ್ನು ಕೆಲಸದವರು ಹಂಚಿಕೊಂಡು ತಿಂದರು. "ಸೂಪರ್ ಭಟ್ರೇ!" ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. "ಬೆಳಗ್ಗಿಂದ ಹಸಿದಿದ್ದೀರಿ, ಒಣಹುಲ್ಲು ಕೊಟ್ರೂ ಸೂಪರ್," ಎಂದು ಭಟ್ಟರು ನಕ್ಕರು. ಅದೇ ವಾರ ಮಂಗಳೂರಿನ ರೈಲು ಹತ್ತಿದರು. ಹೊರಡುವಾಗ ಅಮ್ಮನ ಬಳಿ ಮೇಲೆ ಬಂದು ಹೇಳಿಹೋದರು. ನಾನು ಎರಡನೆಯ ಸುತ್ತಿನ ಪರೀಕ್ಷೆಗೆ ಹೋಗಿದ್ದೆ.

ಹೋದ ವರ್ಷ ಧಣಿಗಳು ಅಪ್ಪನಿಗೆ ಫೋನು ಮಾಡಿದ್ದರು. ಭಟ್ಟರು ತೀರಿಕೊಂಡರಂತೆ, ತಂಗಿಯ ಮನೆಯಲ್ಲಿ, ನಿದ್ದೆಯಲ್ಲೇ. ಕೊನೆಯ ದಿನಗಳಲ್ಲಿ ವಾಸನೆ ಮರಳಿತ್ತೇ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಧಣಿಗಳಿಗೆ ಗೊತ್ತಿರಲಾರದು ಎಂದುಕೊಂಡೆ. ಇಲ್ಲ ಎಂದುಬಿಟ್ಟರೆ ಎಂಬ ಭಯವೂ ಇತ್ತು…

ಹೋದ ಭಾನುವಾರ ಹಾಲಿಟ್ಟದ್ದು ಆ ಪುಡಿಂಗ್ ಮಾಡಲೆಂದೇ. ಬ್ರೆಡ್ಡಿನ ಅಂಚುಗಳನ್ನು ಮೂರು ದಿನ ಬಾಲ್ಕನಿಯಲ್ಲಿ ಒಣಗಿಸಿದ್ದೆ. ಸಕ್ಕರೆ ಚೆನ್ನಾಗಿಯೇ ಕೆಂಪಾಗಿತ್ತು. ಹಾಲು ಮಾತ್ರ ಹೀಗಾಯಿತು. ಒಲೆ ಆರಿಸಿ ಪಾತ್ರೆಯ ಮುಂದೆ ನಿಂತೆ. ಮನೆಯಲ್ಲಿ ನಾನೊಬ್ಬಳೇ. ಏಲಕ್ಕಿ ಪಕ್ಕದಲ್ಲೇ ಇತ್ತು. ಇಷ್ಟು ಸಣ್ಣ ವಾಸನೆ ಯಾರಿಗೂ ತಿಳಿಯುವುದಿಲ್ಲ.

"ಸೀದಿದೆ ಭಟ್ರೇ," ಎಂದೆ. ಗಟ್ಟಿಯಾಗಿಯೇ ಹೇಳಿದೆ.

ಹಾಲನ್ನು ಚೆಲ್ಲಿ, ಪಾತ್ರೆಯನ್ನು ಉಜ್ಜಿ ತೊಳೆದೆ. ಇನ್ನೊಂದು ಪೊಟ್ಟಣ ಒಡೆದು ಸುರಿದು, ಉರಿ ಸಣ್ಣಗೆ ಮಾಡಿ, ಫೋನನ್ನು ಬೇರೆ ಕಡೆ ಇಟ್ಟು, ಹಾಲು ಅರ್ಧಕ್ಕೆ ಇಳಿಯುವವರೆಗೆ ಅಲ್ಲಿಂದ ಅಲುಗದೆ ನಿಂತೆ.