ದಾಸಮ್ಮ ವಕೀಲರನ್ನು ಹುಡುಕಿದ್ದು

ಆ ವರ್ಷಗಳಲ್ಲಿ ಕುದೂರಿನ ಸುತ್ತಮುತ್ತಲ ಮನೆಗಳಲ್ಲಿ ಹುಳು ಒಳಗೆ, ಜನ ಹೊರಗೆ. ರೇಷ್ಮೆಗೆ ಬೆಲೆ ಬಂದದ್ದೇ ತಡ, ಬಾವಿ ಇದ್ದವರೆಲ್ಲ ರಾಗಿ ಬಿತ್ತುವುದು ಬಿಟ್ಟು ಹಿಪ್ಪುನೇರಳೆ ಕಡ್ಡಿ ನೆಟ್ಟರು. ಸೊಪ್ಪೇನೋ ಸೊಂಪಾಗಿ ಬೆಳೆಯಿತು. ಹುಳು ಸಾಕುವುದೆಲ್ಲಿ? ನಡುಮನೆಯಲ್ಲಿ ತಟ್ಟೆ, ಅಡುಗೆಮನೆಯ ಮೂಲೆಯಲ್ಲಿ ತಟ್ಟೆ, ದೇವರ ಗೂಡಿನ ಎದುರಿಗೂ ತಟ್ಟೆ. ಹುಳು ಪೊರೆ ಬಿಡುವ ನಾಲ್ಕನೇ ಜ್ವರ ಕಳೆದು ಸೊಪ್ಪಿಗೆ ಬಾಯಿ ಹಾಕಿತೆಂದರೆ ದಾಸಮ್ಮನ ಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಗಂಡ ಮಂಚಯ್ಯ ಮಗನ ಜೊತೆ ಕಂಬಳಿ ಹೊದ್ದು ಕುರಿಹಟ್ಟಿಯ ಪಕ್ಕ ಮಲಗುತ್ತಿದ್ದ, ಅವಳು ಜಗಲಿಯಲ್ಲಿ. ಅನ್ನ ಕೊಡುವ ಹುಳು, ನಾಲ್ಕು ದಿನ ಒಳಗಿರಲಿ ಬಿಡು ಎಂದು ದಾಸಮ್ಮ ಅದನ್ನು ಕಷ್ಟವೆಂದು ಎಣಿಸಿದವಳಲ್ಲ.

ಕಷ್ಟ ಅನ್ನಿಸಿದ್ದು ಮಗಳು ಪುಟ್ಟಲಕ್ಷ್ಮಮ್ಮ ಬಾಣಂತನಕ್ಕೆ ಬಂದಾಗ. ಆಷಾಢದ ಗಾಳಿ, ಮೇಲೆ ಜಡಿಮಳೆ. ಒಳಗೆ ಹುಳು ಹಣ್ಣಾಗಿ ಬಿದಿರಿನ ಚಂದ್ರಿಕೆ ತಟ್ಟಿಯ ಮೇಲೆ ಗೂಡು ಕಟ್ಟುತ್ತಿತ್ತು. ಅದನ್ನು ಎತ್ತುವ ಹಾಗಿಲ್ಲ, ಅಲುಗಿಸುವ ಹಾಗಿಲ್ಲ, ಪಕ್ಕದಲ್ಲಿ ಹೊಗೆ ಹಾಕುವ ಹಾಗಿಲ್ಲ. ಹಸಿ ಬಾಣಂತಿಗೆ ಬಿಸಿನೀರು ಹುಯ್ದು, ಕೂಸಿನ ಮೈಗೆ ಸಾಂಬ್ರಾಣಿ ಹೊಗೆ ತೋರಿಸಲು ದಾಸಮ್ಮ ಪಕ್ಕದ ಮನೆಯವರ ಕೊಟ್ಟಿಗೆಯನ್ನು ಕೇಳಿ ಪಡೆಯಬೇಕಾಯಿತು.  ಮಗಳು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆ ಕೊಟ್ಟಿಗೆಯಿಂದ ಈ ಜಗಲಿಗೆ ಮಳೆಯಲ್ಲಿ ಓಡಿ ಬಂದದ್ದನ್ನು ದಾಸಮ್ಮ ನಿಂತು ನೋಡಿದಳು.

"ಹುಳಕ್ಕೆ ಮನೆ ಆಯ್ತು. ಇನ್ನ ಮನುಸ್ರಿಗೊಂದು ಮನೆ ಆಗ್ಬೇಕು," ಎಂದಳು ಗಂಡನಿಗೆ.

ಪುಟ್ಟಲಕ್ಷ್ಮಮ್ಮನ ಗಂಡ ರಾಮನಗರದಲ್ಲಿ ಗೂಡು ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಅವರಿದ್ದ ಬಾಡಿಗೆ ಕೋಣೆಯಲ್ಲಿ ತೊಟ್ಟಿಲು ಕಟ್ಟಲೂ ತಾವಿರಲಿಲ್ಲ. ದಾಸಮ್ಮನೂ ಗೂಡು ಹಾಕಲು ರಾಮನಗರದ ಮಾರುಕಟ್ಟೆಗೇ ಬರುತ್ತಿದ್ದಳು. ಹಾಗಾಗಿ ಮನೆ ಅಲ್ಲೇ ಆಗಲಿ ಎಂದುಕೊಂಡಳು. ಅವಳ ಗೂಡನ್ನು ಹರಾಜಿನಲ್ಲಿ ಕೂಗಿ ಕೊಳ್ಳುತ್ತಿದ್ದವರಲ್ಲಿ ಅಮೀರ್ ಎಂಬ ನೂಲು ತೆಗೆಸುವ ಸಾಬರೊಬ್ಬರಿದ್ದರು. ಅವರು ಹೊಸ ಬಡಾವಣೆಯಲ್ಲಿ ದೊಡ್ಡದಾಗಿ ಮನೆ ಕಟ್ಟಿಸುತ್ತಿದ್ದರು. ಮಾರುಕಟ್ಟೆಗೆ ಹತ್ತಿರವಿದ್ದ ತಂದೆಯ ಕಾಲದ ಹೆಂಚಿನ ಮನೆಯನ್ನು ಮಾರುವವರಿದ್ದರು.

ದಾಸಮ್ಮ ಗಂಡನನ್ನು ಕರೆದುಕೊಂಡು ಹೋಗಿ ನೋಡಿದಳು. ಅಗಲವಾದ ಪಡಸಾಲೆ, ಗಾಳಿ ಬೆಳಕಿನ ಎರಡು ಕೋಣೆ, ಅಂಗಳದಲ್ಲಿ ಸೇದುವ ಬಾವಿ. ಬಿಸಿಲು ಬೀಳುವ ಕೋಣೆಯಲ್ಲಿ ನಿಂತು, ತೊಟ್ಟಿಲಿನ ಹಗ್ಗಕ್ಕೆ ಯಾವ ತೊಲೆ ಸರಿ ಎಂದು ಕತ್ತೆತ್ತಿ ನೋಡಿದಳು. ಅಮೀರ್ ಕೇಳಿದ ಬೆಲೆಯೂ ನ್ಯಾಯವಾಗಿತ್ತು.

"ಕಾಗದ ಪತ್ರದ ಚಿಂತೆ ನಿಮಗೆ ಬೇಡ," ಎಂದರು ಅಮೀರ್. "ನಮ್ಮ ಬ್ರೋಕರ್ ಕಡೆ ಬೆಂಗ್ಳೂರಿನ ವಕೀಲ್ರು ಅವ್ರೆ. ನಿಮ್ಮ ಕಡೇದೂ ಅವ್ರೇ ನೋಡ್ತಾರೆ. ನೀವು ಬಂದು ಹೆಬ್ಬೆಟ್ಟು ಒತ್ತಿದ್ರೆ ಸಾಕು."

ಮಂಚಯ್ಯನಿಗೆ ಇದು ಹಿಡಿಸಿತು. ಕುರಿ ಕಾಯುವವನಿಗೆ ಕಚೇರಿ ಅಂದರೆ ಅಲರ್ಜಿ. ಆದರೆ ಬಸ್ಸಿಗೆ ಕಾಯುತ್ತಾ ನಿಂತಾಗ ದಾಸಮ್ಮ ಅಂದಳು, "ಹೆಣ್ಣಿನ ಕಡೆಗೂ ಒಬ್ನೇ, ಗಂಡಿನ ಕಡೆಗೂ ಒಬ್ನೇ ಮಾತಾಡಿದ್ರೆ ಮದ್ವೆ ನೆಟ್ಟಗಾದದಾ? ನಮ್ಮ ಕಡೆಗೆ ನಮ್ಮೋರು ಒಬ್ರು ಬೇಕು."

"ನಮ್ಮೋರು ಯಾವ ವಕೀಲ್ರಮ್ಮಿ ನಮ್ಗೆ ಗೊತ್ತು?"

"ಗೊತ್ತಿಲ್ದಿದ್ರೆ ಹುಡುಕಾನ."

ಮುಂದಿನ ಸಲ ಗೂಡು ಹಾಕಲು ಬಂದಾಗ ಅವಳು ಮಾರುಕಟ್ಟೆಯ ಕೆಲಸ ಮುಗಿಸಿ ವಕೀಲರ ಬೇಟೆಗೆ ಹೊರಟಳು. ಮೈಸೂರು ರಸ್ತೆಯ ಮಹಡಿಯೊಂದರಲ್ಲಿ ದೊಡ್ಡ ಬೋರ್ಡು ಕಂಡು ಮೆಟ್ಟಿಲು ಹತ್ತಿದಳು. ಅಲ್ಲಿದ್ದ ವಕೀಲರು ಓದುತ್ತಿದ್ದ ಕಡತದಿಂದ ತಲೆ ಎತ್ತದೆ, "ಕಾಗದ ಬಿಟ್ಟು ಹೋಗಿ, ನಾಳೆ ಆಗುತ್ತೆ," ಎಂದರು. ಯಾವ ಊರು, ಯಾವ ಮನೆ ಎಂದೂ ಕೇಳಲಿಲ್ಲ. ದಾಸಮ್ಮ ಕೈಮುಗಿದು ಇಳಿದು ಬಂದಳು. ತರಕಾರಿ ಕೊಳ್ಳುವಾಗಲೂ ಮುರಿದು ನೋಡುವವಳು ಅವಳು. ನಾಳೆಯೇ ಆಗಿಬಿಡುವ ಕೆಲಸದ ಮೇಲೆ ಅವಳಿಗೆ ನಂಬಿಕೆ ಹುಟ್ಟಲಿಲ್ಲ.

ನೋಂದಣಿ ಕಚೇರಿಯ ಹೊರಗೆ ಹೊಂಗೆ ಮರದ ನೆರಳಿತ್ತು. ಅಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಾ ಹೋಗಿಬರುವವರನ್ನು ನೋಡಿದಳು. ಪಕ್ಕದಲ್ಲಿ ಚನ್ನಪಟ್ಟಣದ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ಕಾವೇರಮ್ಮ ಅಂತ ಹೆಸರು. ಅಂದು ಬೆಳಿಗ್ಗೆಯಷ್ಟೇ ಅವಳ ಮನೆಯ ಪಾಲುಪತ್ರ ನೋಂದಣಿಯಾಗಿತ್ತು, ಆದರೂ ಅವಳ ಸಿಟ್ಟು ಇಳಿದಿರಲಿಲ್ಲ.

"ಯಾರ ತಾವಾದ್ರೂ ಹೋಗಿ, ಬೋರಲಿಂಗಯ್ಯ ವಕೀಲ್ರ ತಾವು ಮಾತ್ರ ಹೋಗ್ಬೇಡಿ ಕಣಕ್ಕ. ಬೋ ನಿಧಾನ. ನಮ್ಮ ಪಾಲುಪತ್ರ ಬರಿಯೋಕೆ ಹೊಲುಕ್ಕೇ ಬಂದ್ಬುಟ್ರು. ಬದುವಿನ ಮೇಲೆ ನಿಂತ್ಕಂಡು ಅಕ್ಕಪಕ್ಕದೋರ್ನೆಲ್ಲ ಕರ್ದು ವಿಚಾರಿಸಿದ್ರು. ಬರ್ದಿದ್ದ ಪತ್ರಾನ ಹರ್ದಾಕಿ ತಿರ್ಗಾ ಬರ್ದ್ರು."

ದಾಸಮ್ಮನ ಕೈಯಲ್ಲಿದ್ದ ಕಡಲೆಕಾಯಿ ಹಾಗೇ ಉಳಿಯಿತು.

"ಯಾಕೆ ಹರ್ದಾಕಿದ್ರಂತೆ?"

"ನಮ್ಮ ಮೈದ ತನ್ನ ಪಾಲಿಗೆ ದಾರಿ ಇಲ್ಲ ಅಂದ. ಅದುಕ್ಕೆ."

"ಈಗ ದಾರಿ ಐತಾ?"

"ಐತೆ. ಈಗೇನೋ ಜಗಳ ಇಲ್ಲ," ಎಂದು ಕಾವೇರಮ್ಮ ಒಪ್ಪಿಕೊಂಡಳು. "ಆದ್ರೂ ಬೋ ನಿಧಾನ ಕಣಕ್ಕ."

"ಅವ್ರ ಮನೆ ಎಲ್ಲೈತೆ, ಒಸಿ ಹೇಳವ್ವ," ಎಂದು ದಾಸಮ್ಮ ಎದ್ದಳು.

ಬೋರಲಿಂಗಯ್ಯನವರ ಕಚೇರಿ ಹಿಟ್ಟಿನ ಗಿರಣಿಯ ಪಕ್ಕದ ಒಂದು ಕೋಣೆ. ಗಿರಣಿ ಓಡುವಾಗ ಮಾತು ಕೇಳಿಸುತ್ತಿರಲಿಲ್ಲ, ನಿಲ್ಲುವ ತನಕ ಅವರು ಕಾಯುತ್ತಿದ್ದರು. ಐವತ್ತು ದಾಟಿದ ಮನುಷ್ಯ, ಕರಿಕೋಟಿನ ತೋಳಿನ ಮೇಲೆಲ್ಲ ರಾಗಿಹಿಟ್ಟಿನ ಧೂಳು. ದಾಸಮ್ಮ ಅಮೀರ್ ಅವರಿಂದ ಕೇಳಿ ತಂದಿದ್ದ ಕಂದಾಯದ ರಸೀತಿ, ಖಾತೆಯ ನಕಲು ಎಲ್ಲವನ್ನೂ ನೋಡಿ ಪಕ್ಕಕ್ಕಿಟ್ಟರು.

"ಕಾಗದ ಚೆನ್ನಾಗವೆ ಕಣಮ್ಮ. ಎಲ್ಲಾ ಅಮೀರ್ ಸಾಬರ ಹೆಸರಲ್ಲೇ ಐತೆ. ಆ ಮನೇಲಿ ಈಗ ಯಾರವ್ರೆ?"

"ಖಾಲಿ ಐತೆ ಅಂದ್ರು ಸ್ವಾಮಿ."

"ಹಿತ್ಲ ಕಡೆ ಹೋಗಿ ನೋಡಿದ್ರಾ?"

ದಾಸಮ್ಮ ನೋಡಿರಲಿಲ್ಲ. ಅವರು ಎದ್ದು ಚಪ್ಪಲಿ ಮೆಟ್ಟಿದರು. ತನ್ನ ವಕೀಲರು ಸಿಕ್ಕರು ಎಂದು ದಾಸಮ್ಮನಿಗೆ ಆಗಲೇ ಖಾತ್ರಿಯಾಯಿತು.

ಹಿತ್ತಿಲಲ್ಲಿ ಒಂದು ಕೋಣೆಯಿತ್ತು. ಕೋಣೆಯ ಮುಂದಿನ ಚಪ್ಪರದಲ್ಲಿ ಒಂದು ಚರಕ, ಕುದಿಯುವ ನೀರಿನ ಬಾನಿ, ಅದರಲ್ಲಿ ತೇಲುವ ಗೂಡು. ಬಿಳಿ ಸೀರೆಯ ಹೆಂಗಸೊಬ್ಬಳು ನೂಲಿನ ಎಳೆ ಹಿಡಿಯುತ್ತಿದ್ದಳು. ಬೋರಲಿಂಗಯ್ಯನವರು ಕುಡಿಯಲು ನೀರು ಕೇಳಿದರು. ಆಕೆ ಕೈ ಒರೆಸಿಕೊಂಡು ತಂಬಿಗೆ ತಂದುಕೊಟ್ಟಳು. ಆಕೆ ಅಮೀರ್ ಅವರ ಅಕ್ಕ ಬದ್ರುನ್ನೀಸಾ. ಗಂಡ ತೀರಿದ ಮೇಲೆ ತಂದೆಯ ಮನೆಗೆ ಬಂದು, ಇಲ್ಲೇ ನೂಲು ತೆಗೆದು ಬದುಕುತ್ತಿದ್ದಳು.

"ಮುಂದ್ಲ ಮನೆ ಬಾಡಿಗೆಗೆ ನೋಡೋಕೆ ಬಂದ್ರಾ?" ಎಂದು ದಾಸಮ್ಮನನ್ನು ಕೇಳಿದಳು. "ಬನ್ನಿ. ಮನೇಲಿ ಜನ ಇದ್ರೆ ನನಗೂ ಧೈರ್ಯ."

 ಮನೆ ಮಾರಾಟವಾಗುತ್ತಿರುವುದು ಈಕೆಗೆ ಗೊತ್ತೇ ಇಲ್ಲ. ತೊಟ್ಟಿಲಿಗೆಂದು ತಾನು ತೊಲೆ ನೋಡುತ್ತಿದ್ದಾಗ ಗೋಡೆಯ ಈಚೆ ಈಕೆ ಚರಕ ತಿರುಗಿಸುತ್ತಿದ್ದಳು ಎಂದು ನೆನೆದು ಅವಳಿಗೆ ತಲೆ ಎತ್ತಲಾಗಲಿಲ್ಲ. ಬೋರಲಿಂಗಯ್ಯನವರು ಮಾತ್ರ ಸಮಾಧಾನವಾಗಿ ಅಂದರು, "ತಾಯಿ, ಇವ್ರು ಕೊಳ್ಳೋಕೆ ಬಂದವ್ರೆ. ಖಾತೆ ತಮ್ಮನ ಹೆಸರಲ್ಲಿದ್ರೂ ತಂದೆ ಮನೇಲಿ ನಿಮಗೂ ಪಾಲುಂಟು. ನಿಮ್ಮ ಒಪ್ಪಿಗೆ ಇಲ್ದೆ ಇದು ಆಗೋ ವ್ಯವಹಾರ ಅಲ್ಲ."

ಬದ್ರುನ್ನೀಸಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾನಿಯಲ್ಲಿ ಗೂಡು ಬೆಂದು ಮೆತ್ತಗಾಗುತ್ತಿತ್ತು. ದಾಸಮ್ಮ ಬಗ್ಗಿ ಒಲೆಯ ಸೌದೆ ಹಿಂದಕ್ಕೆಳೆದು ಬಂದಳು.

ಮರುದಿನವೇ ಅಮೀರ್ ವಕೀಲರ ಕಚೇರಿಗೆ ಬಂದರು. ಗಿರಣಿಯ ಸದ್ದನ್ನೂ ಮೀರಿಸಿದ ದನಿ. "ನಮ್ಮ ಮನೆ ಹೆಣ್ಮಕ್ಕಳು ಯಾವತ್ತೂ ಪಾಲು ಕೇಳಿಲ್ಲ. ಕೊಳ್ಳೋರಿಗೆ ಯಾಕೆ ಈ ಉಸಾಬರಿ? ಬೇರೆ ಪಾರ್ಟಿ ಐತೆ, ಅವ್ರಿಗೇ ಕೊಡ್ತೀನಿ."

"ಕೊಡಿ," ಎಂದರು ಬೋರಲಿಂಗಯ್ಯ. "ಅವ್ರ ವಕೀಲ್ರೂ ಹಿತ್ಲಿಗೆ ಹೋದ್ರೆ ಇದನ್ನೇ ಹೇಳ್ತಾರೆ. ಹೋಗ್ಲಿಲ್ಲ ಅಂದ್ರೆ ಮುಂದೆ ಕೋರ್ಟಲ್ಲಿ ಜಡ್ಜ್ರು ಹೇಳ್ತಾರೆ."

ಊರಿನಲ್ಲಿ ಮಂಚಯ್ಯ ಮುಖ ಗಂಟು ಹಾಕಿಕೊಂಡ. "ಕೈಗೆ ಬಂದಿದ್ ಮನೆ ಕಳ್ದ್ಬುಟ್ಟೆ ನೀನು. ಮುಚ್ಕಂಡು ಬೆಂಗ್ಳೂರು ವಕೀಲ್ರಿಗೆ ಹೂಂ ಅಂದಿದ್ರೆ ಆಗಿತ್ತು."

"ಆಮೇಲೆ ಆ ಅವ್ವನ್ನ ಈಚೆಗೆ ಅಟ್ಟಿ ನಾವು ಹಾಲುಕ್ಕಿಸೋದಾ? ನಮ್ಮ ಮಗ ನಾಳೆ ಇವಳ್ಗೆ ಹಂಗೇ ಮಾಡಿದ್ರೆ?" ಎಂದು ದಾಸಮ್ಮ ಒಳಗೆ ಕೂಸಿಗೆ ಹಾಲೂಡಿಸುತ್ತಿದ್ದ ಮಗಳ ಕಡೆ ತೋರಿಸಿದಳು. ಮಂಚಯ್ಯ ಕೋಲು ಹಿಡಿದು ಕುರಿಗಳ ಹಿಂದೆ ಹೋದ.

ಹೊಸ ಹುಳು ಬಂತು, ಒಂದೊಂದೇ ಜ್ವರ ಕಳೆಯಿತು. ರಾಮನಗರದಿಂದ ಸುದ್ದಿಯೇ ಇಲ್ಲ. ಸೊಪ್ಪು ಹೆಚ್ಚುವಾಗ, ತಟ್ಟೆ ಕಸ ತೆಗೆಯುವಾಗ ದಾಸಮ್ಮನಿಗೆ ಮನೆಗಿಂತ ಹೆಚ್ಚಾಗಿ ಆ ಮುಚ್ಚಿದ ಬಾಗಿಲು ನೆನಪಾಗುತ್ತಿತ್ತು. ಕಡೆಗೆ ಗೂಡು ಹಾಕಲು ಬಂದ ದಿನ, ಹರಾಜಿಗೆ ಹಾಕದೆ ಉಳಿಸಿಕೊಂಡ ಒಂದಿಷ್ಟು ಒಳ್ಳೆಯ ಗೂಡನ್ನು ಮಡಿಲಲ್ಲಿ ಕಟ್ಟಿಕೊಂಡು ಹಿತ್ತಿಲಿಗೇ ಹೋದಳು.

"ಅಕ್ಕಾ, ಅವತ್ತು ನಿಮ್ಮ ಗೂಡು ಕೆಟ್ಟೋಯ್ತು ನಮ್ಮಿಂದ," ಎಂದು ಬುಟ್ಟಿಗೆ ಸುರಿದಳು.

ಬದ್ರುನ್ನೀಸಾ ಒಂದು ಗೂಡನ್ನು ಕೈಗೆತ್ತಿಕೊಂಡು ಅದುಮಿ ನೋಡಿದಳು. ಗಟ್ಟಿಯಾಗಿತ್ತು. "ಕೂತ್ಕೊಳಮ್ಮಾ," ಎಂದಳು.

ಅಂದು ಇಬ್ಬರೂ ಬಹಳ ಹೊತ್ತು ಮಾತಾಡಿದರು. ಬದ್ರುನ್ನೀಸಾಗೆ ಬೇಕಾಗಿದ್ದುದು ಆ ಕೋಣೆ, ಚರಕ ಮತ್ತು ಬಾವಿಯ ನೀರು. ತಮ್ಮನ ದೊಡ್ಡ ಮನೆಗೆ ಹೋಗಲು ಆಕೆಗೆ ಇಷ್ಟವಿರಲಿಲ್ಲ. ಅಲ್ಲಿ ಹೋದರೆ ಸೊಸೆಯಂದಿರ ಅಡುಗೆಮನೆಯಲ್ಲಿ ಮೂಲೆ ಹಿಡಿಯಬೇಕು. ಇಲ್ಲಾದರೆ ತನ್ನ ದುಡಿಮೆ, ತನ್ನ ಅನ್ನ. ದಾಸಮ್ಮನಿಗೆ ಬೇಕಾಗಿದ್ದುದು ಮುಂದಿನ ಮನೆ ಅಷ್ಟೇ. ಹಿತ್ತಿಲ ಕೋಣೆಯನ್ನು ಕಟ್ಟಿಕೊಂಡು ಅವಳೇನು ಮಾಡುತ್ತಾಳೆ?

"ಹಂಗಾರೆ ಬ್ಯಾರೆ ಬ್ಯಾರೆ ಬರ್ಸಾನ," ಎಂದಳು ದಾಸಮ್ಮ. "ಮುಂದ್ಲುದು ನಂಗೆ, ಹಿಂದ್ಲುದು ನಿಮ್ಗೆ. ಬಾವಿ ಇಬ್ರುಗೂ. ಬನ್ನಿ, ವಕೀಲ್ರನ್ನ ಕೇಳಾನ."

ಬೋರಲಿಂಗಯ್ಯನವರು ಇಬ್ಬರ ಮಾತನ್ನೂ ಕೇಳಿ ಅಮೀರ್ ಅವರಿಗೆ ಹೇಳಿ ಕಳಿಸಿದರು. ಅಮೀರ್ ಬಂದು ಅಕ್ಕ ಕೂತಿರುವುದನ್ನು ಕಂಡು ಬಾಗಿಲಲ್ಲೇ ನಿಂತರು. ಬದ್ರುನ್ನೀಸಾ ತಮ್ಮನಿಗೆ ಮನೆಮಾತಿನಲ್ಲಿ ಏನೋ ಮೆಲ್ಲಗೆ ಹೇಳಿದಳು. ಅಮೀರ್ ಟೋಪಿ ತೆಗೆದು ಬೆಂಚಿನ ತುದಿಯಲ್ಲಿ ಕೂತರು. ಈ ಸಲದ ಮಾತಿನಲ್ಲಿ ಹಿಂದಿನ ಜೋರಿರಲಿಲ್ಲ.

"ಮಾರೋದು ಬೇಡ ಅಂತಾಳೆ ಅಂತ ತಿಳ್ಕೊಂಡೆ ವಕೀಲ್ರೇ. ನನ್ನ ಎತ್ತಿ ಆಡ್ಸಿದೋಳು. ಕೇಳೋಕೆ ಹೆದರಿಕೆ ಆಯ್ತು."

"ಈಗ ಕೇಳಾಯ್ತಲ್ಲ," ಎಂದರು ಬೋರಲಿಂಗಯ್ಯ. "ಇನ್ನು ಬರೆಯೋದು ಸುಲಭ."

ಸುಲಭ ಎಂದರೂ ಅವರು ಬರೆದದ್ದು ತಮ್ಮ ನಿಧಾನದಲ್ಲೇ. ಹಿತ್ತಿಲಿಗೆ ಬಂದು ಟೇಪು ಹಿಡಿದರು. ಬಾವಿ ಯಾರ ಯಾರದು, ಹಿಂದಿನ ಕೋಣೆಗೆ ಹಾದಿ ಎಲ್ಲಿ, ಸೂರಿನ ನೀರು ಯಾವ ಕಡೆ ಬೀಳಬೇಕು, ಎಲ್ಲವನ್ನೂ ಕೇಳಿ ಕೇಳಿ ಬರೆದರು. ನೋಂದಣಿಯ ದಿನ ಹೊಂಗೆ ಮರದ ಕೆಳಗೆ ಎಲ್ಲರನ್ನೂ ಕೂರಿಸಿ ಮೊದಲಿನಿಂದ ಕೊನೆಯ ತನಕ ಗಟ್ಟಿಯಾಗಿ ಓದಿದರು. ಓದು ಬಾರದ ಮಂಚಯ್ಯ ಸೂರಿನ ನೀರಿನ ಹತ್ತಿರ ಅವರನ್ನು ತಡೆದು, "ಪಡುವಲ ಕಡೆ ಅಂದ್ರಲ್ಲ, ಅದು ತೆಂಕಲು ಅಲ್ವಾ ಸ್ವಾಮಿ?" ಎಂದ. ಹೋಗಿ ನೋಡಿ ಬಂದರು. ಪಡುವಲೇ ಸರಿಯಾಗಿತ್ತು. ಆದರೂ ತಾನು ಕೇಳಿದ್ದಕ್ಕೆ ವಕೀಲರು ಎದ್ದು ಹೋಗಿ ನೋಡಿದರಲ್ಲ ಎಂದು ಮಂಚಯ್ಯನ ಮುಖ ಅರಳಿತು.

ಬದ್ರುನ್ನೀಸಾ ಉರ್ದುವಿನಲ್ಲಿ ಸಹಿ ಹಾಕಿದಳು. ಅಮೀರ್ ಹಾಕಿದರು. ದಾಸಮ್ಮ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು.

ದಸರೆಗೆ ಮೊದಲು ಹಾಲುಕ್ಕಿಸಿದರು. ಬಿಸಿಲು ಬೀಳುವ ಕೋಣೆಯಲ್ಲಿ ತೊಟ್ಟಿಲು ಕಟ್ಟಿ, ಕೂಸಿಗೆ ಸಾಂಬ್ರಾಣಿ ಹಾಕಿದಾಗ ಹೊಗೆ ಮನೆಯೆಲ್ಲ ತುಂಬಿತು, ಯಾರೂ ಬೇಡವೆನ್ನಲಿಲ್ಲ. ಬದ್ರುನ್ನೀಸಾ ಬಂದು ಕೂಸಿನ ತಲೆಗೊಂದು ಕುಲಾವಿ ಹಾಕಿ, ಪುಟ್ಟಲಕ್ಷ್ಮಮ್ಮನಿಗೆ, "ಕೂಸು ಒಸಿ ದೊಡ್ಡದಾಗ್ಲಿ, ನಿಂಗೆ ನೂಲು ತೆಗೆಯೋದು ಕಲಿಸ್ತೀನಿ," ಎಂದಳು. ಪುಟ್ಟಲಕ್ಷ್ಮಮ್ಮ ಈಗಲೇ ಕಲಿಯುತ್ತೇನೆಂದು ಹಟ ಹಿಡಿದಳು. ಬೋರಲಿಂಗಯ್ಯನವರು ಊಟದ ಹೊತ್ತು ಮೀರಿದ ಮೇಲೆ ಬಂದು, ಉಳಿದ ಪಾಯಸ ಉಂಡು, ಸೂರಿನ ಕಡೆಗೊಮ್ಮೆ ನೋಡಿ ಹೋದರು.

ಮರುದಿನ ದಾಸಮ್ಮ ಊರಿಗೆ ಹೊರಟಳು. ಅಲ್ಲಿ ಹುಳು ಎರಡನೇ ಜ್ವರದಲ್ಲಿತ್ತು, ಮನೆ ಕೊಂಡೆನೆಂದರೆ ಅದೇನು ಕಾಯುತ್ತದೆಯೇ? ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಂಚಯ್ಯ ಹಿಂದಿನ ಸೀಟಿನವನಿಗೆ ಪಡುವಲ ಸೂರಿನ ಕಥೆಯನ್ನು ವಿವರವಾಗಿ ಹೇಳುತ್ತಿದ್ದ. ಅದನ್ನು ಕೇಳುತ್ತಲೇ ದಾಸಮ್ಮನಿಗೆ ಜೊಂಪು ಹತ್ತಿತು. ಮಾಗಡಿ ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಕುದೂರಿನಲ್ಲಿ ಕಂಡಕ್ಟರೇ ಬಂದು ಎಬ್ಬಿಸಬೇಕಾಯಿತು.